ಜರ್ನಲ್ ನಿಲ್ಲಿಸುವ ಮುನ್ನ, ರ‍್ಯಾಕ್ ಎತ್ತುವ ಮುನ್ನ

ಜರ್ನಲ್‌ಗಳ (ಸಂಶೋಧನಾ ಪತ್ರಿಕೆಗಳ) ಚಂದಾ ನಿಲ್ಲಿಸಿ, ಸಂಚಿಕೆಗಳನ್ನು ಒಟ್ಟಿಗೆ ರಟ್ಟು ಕಟ್ಟಿದ ಹಳೆಯ ಬೌಂಡ್ ವಾಲ್ಯೂಮ್‌ಗಳನ್ನು ತೆಗೆಯುವ ಕೆಲಸ ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಕೆಡುವುದು ಬಹುಪಾಲು ಒಂದೇ ಬಗೆಯಲ್ಲಿ. ‘ಎಲ್ಲವೂ ಆನ್‌ಲೈನಿನಲ್ಲಿ ಸಿಗುವುದರಿಂದ ಎರಡನೇ ಮಹಡಿಯ ಬೌಂಡ್ ವಾಲ್ಯೂಮ್‌ಗಳನ್ನು ತೆರವುಗೊಳಿಸಿ ವಾಚನಾಲಯ ಮಾಡತಕ್ಕದ್ದು’ ಎಂದು ಮೇಲಿನಿಂದ ಪತ್ರ ಬರುತ್ತದೆ. ಯಾರೋ ಪ್ರಕಾಶಕರ ಪಟ್ಟಿ ತೆರೆದು ಜರ್ನಲ್‌ಗಳ ಹೆಸರಿಗೆ ಟಿಕ್ ಹಾಕುತ್ತಾ ಹೋಗುತ್ತಾರೆ. ಟಿಕ್ ಬಿದ್ದದ್ದೆಲ್ಲ ಹಳೇ ಕಾಗದದವನ ಲಾರಿಗೆ. ಆರು ತಿಂಗಳಾದ ಮೇಲೆ ಪಿಎಚ್‌ಡಿ ಮಾಡುವವರೊಬ್ಬರು 1983ರ ಸಂಚಿಕೆ ಕೇಳಿಕೊಂಡು ಬರುತ್ತಾರೆ. ಆನ್‌ಲೈನಿನಲ್ಲಿ ಇರುವುದು 1997ರಿಂದ ಈಚಿನದು ಮಾತ್ರ.

ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಬೇಕಾದ ವರ್ಷದ ಪುಟ ತೆರೆದುಕೊಳ್ಳುವುದು ಬೇರೆ. ಕೆಳಗಿನ ಹಂತಗಳಲ್ಲಿ ಮೂರನೆಯದು ಉದ್ದವಾಗಿರುವುದು ಅದಕ್ಕೇ.

ಹಂತ 1: ಕ್ಯಾಲೆಂಡರ್ ಹಾಕಿಕೊಳ್ಳಿ

ಜರ್ನಲ್‌ಗಳ ವರ್ಷ ಜನವರಿಯಿಂದ ಡಿಸೆಂಬರ್, ವಿಶ್ವವಿದ್ಯಾಲಯದ ದುಡ್ಡಿನ ವರ್ಷ ಏಪ್ರಿಲ್‌ನಿಂದ ಮಾರ್ಚ್. ಇವೆರಡರ ನಡುವಿನ ಸಂದಿಯಲ್ಲೇ ಎಷ್ಟೋ ಚಂದಾ ತುಂಡಾಗುತ್ತವೆ. ಆಗಸ್ಟ್ ಹೊತ್ತಿಗೆ ಪಟ್ಟಿ ಸಿದ್ಧವಾಗಿ, ಸೆಪ್ಟೆಂಬರ್‌ನಲ್ಲಿ ಲೈಬ್ರರಿ ಕಮಿಟಿ ಕೂತು, ಅಕ್ಟೋಬರ್ ಮುಗಿಯುವುದರೊಳಗೆ ಆದೇಶ ಹೊರಡಬೇಕು. ಅನುದಾನ ಬರಲಿ ಆಮೇಲೆ ನೋಡೋಣ ಎಂದು ಕೂತರೆ ಜನವರಿಯ ಸಂಚಿಕೆಗಳು ಕೈತಪ್ಪುತ್ತವೆ. ಬಾರದ ಸಂಚಿಕೆಗೆ ದೂರು ಕಳಿಸಲು ಪ್ರಕಾಶಕರು ಸಾಮಾನ್ಯವಾಗಿ ಎರಡು–ಮೂರು ತಿಂಗಳಷ್ಟೇ ಕೊಡುತ್ತಾರೆ.

ಮುಂಗಡ ಹಣವನ್ನೆಲ್ಲ ಒಬ್ಬನೇ ಏಜೆಂಟನ ಕೈಗೆ ಕೊಡಬೇಡಿ. ನೆದರ್ಲೆಂಡ್ಸ್‌ನ ಸ್ವೆಟ್ಸ್‌ನಂಥ ದೊಡ್ಡ ಏಜೆನ್ಸಿಯೇ 2014ರ ಸೆಪ್ಟೆಂಬರ್‌ನಲ್ಲಿ ದಿವಾಳಿಯೆದ್ದಿತು. ಹಣ ಕಟ್ಟಿದ್ದ ಗ್ರಂಥಾಲಯಗಳು ಬಾಕಿ ವಸೂಲಿಗೆ ಕಾಯುವವರ ಸಾಲಿನಲ್ಲಿ ನಿಲ್ಲಬೇಕಾಯಿತು. ಏಜೆಂಟನು ಪ್ರಕಾಶಕರಿಗೆ ಹಣ ಕಟ್ಟಿದ ರಸೀದಿಯ ಪ್ರತಿಯನ್ನು 60 ದಿನದೊಳಗೆ ಕೊಡಬೇಕೆಂದು ಆದೇಶದಲ್ಲೇ ಬರೆಯಿರಿ.

ಹಂತ 2: ಬಳಕೆಯ ಲೆಕ್ಕ ತೆಗೆಯಿರಿ

ಪ್ರಕಾಶಕರ ಜಾಲತಾಣದಿಂದ ಕೌಂಟರ್ ವರದಿಗಳನ್ನು (ಆನ್‌ಲೈನ್ ಬಳಕೆಯನ್ನು ಒಂದೇ ಮಾನದಂಡದಲ್ಲಿ ಎಣಿಸಿದ ವರದಿಗಳು) ಇಳಿಸಿಕೊಳ್ಳಿ. ಒಂದೇ ವರ್ಷದ್ದು ಸಾಲದು, ಮೂರು ವರ್ಷದ್ದು ಬೇಕು. ಅವುಗಳಲ್ಲಿ ಟಿಆರ್-ಜೆ1 ಎಂಬ ಜರ್ನಲ್ ಬಳಕೆಯ ವರದಿಯಲ್ಲಿ ‘ಟೋಟಲ್ ಐಟಂ ರಿಕ್ವೆಸ್ಟ್ಸ್’ ಮತ್ತು ‘ಯೂನಿಕ್ ಐಟಂ ರಿಕ್ವೆಸ್ಟ್ಸ್’ ಎಂಬ ಎರಡು ಸಂಖ್ಯೆ ಇರುತ್ತವೆ. ಯೂನಿಕ್ ಅನ್ನೇ ಹಿಡಿಯಿರಿ. ಒಬ್ಬರು ಒಂದೇ ಲೇಖನವನ್ನು ಮೊದಲು ಪುಟದಲ್ಲಿ ಓದಿ ಆಮೇಲೆ ಪಿಡಿಎಫ್ ಇಳಿಸಿಕೊಂಡರೆ ಟೋಟಲ್‌ನಲ್ಲಿ ಅದು ಎರಡಾಗುತ್ತದೆ. ಏಜೆಂಟರು ತೋರಿಸುವುದು ಯಾವಾಗಲೂ ಟೋಟಲ್ಲೇ.

ಚಂದಾ ₹84,000, ಬಳಕೆ 12 ಎಂದಾದರೆ ಒಂದು ಲೇಖನಕ್ಕೆ ₹7,000 ಬಿತ್ತು. ಅದಕ್ಕಿಂತ ಬೇಕಾದ ಲೇಖನವನ್ನು ಬಿಡಿಯಾಗಿ ತರಿಸುವುದೇ ಅಗ್ಗ. ಆದರೆ ರಸಾಯನಶಾಸ್ತ್ರದ ಪಕ್ಕದಲ್ಲಿ ಗಣಿತವನ್ನಿಟ್ಟು ಈ ಲೆಕ್ಕ ಹಾಕಬೇಡಿ. ಗಣಿತದವರು ಒಂದೇ ಲೇಖನ ಹಿಡಿದು ತಿಂಗಳುಗಟ್ಟಲೆ ಕೂರುತ್ತಾರೆ. ಹೋಲಿಕೆ ಒಂದೇ ವಿಭಾಗದ ಜರ್ನಲ್‌ಗಳ ನಡುವೆ ಇರಲಿ.

ಟಿಆರ್-ಜೆ2 ಎಂಬ ವರದಿಯನ್ನು ಬಹಳ ಜನ ತೆರೆಯುವುದೇ ಇಲ್ಲ. ಓದುಗರು ಕ್ಲಿಕ್ ಮಾಡಿ, ಚಂದಾ ಇಲ್ಲವೆಂದು ಬಾಗಿಲು ಮುಚ್ಚಿಸಿಕೊಂಡ ಜರ್ನಲ್‌ಗಳು ಅದರಲ್ಲಿರುತ್ತವೆ. ಹೊಸ ಚಂದಾಕ್ಕೆ ಅದಕ್ಕಿಂತ ನಂಬಬಹುದಾದ ಬೇಡಿಕೆ ಪತ್ರ ಇನ್ನೊಂದಿಲ್ಲ.

ಮುದ್ರಿತ ಸಂಪುಟಗಳ ಲೆಕ್ಕಕ್ಕೆ ತಂತ್ರಾಂಶ ಬೇಡ. ‘ಓದಿದ ಮೇಲೆ ಮೇಜಿನ ಮೇಲೇ ಬಿಡಿ’ ಎಂದು ಚೀಟಿ ಅಂಟಿಸಿ. ಸಂಜೆ ಅಟೆಂಡರ್ ಅದನ್ನು ರ‍್ಯಾಕಿಗೆ ಸೇರಿಸುವಾಗ ಹಿಂಬದಿಯ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡಲಿ. ಒಂದು ವರ್ಷ ಬಿಟ್ಟು ಚುಕ್ಕೆ ಎಣಿಸಿ.

ಹಂತ 3: ವರ್ಷ ವರ್ಷವಾಗಿ ತಾಳೆ ನೋಡಿ

ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಈಗ ದೊಡ್ಡ ಬದಲಾವಣೆ ಎಂದರೆ, ಸರ್ಕಾರಿ ಸಂಸ್ಥೆಗಳ ಪರವಾಗಿ ಕೇಂದ್ರವೇ ಜರ್ನಲ್ ಚಂದಾ ಕಟ್ಟುವ ಯೋಜನೆ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’. ಕೇಂದ್ರ ಸಚಿವ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2024ರ ನವೆಂಬರ್ 25ರಂದು. 2025, 2026 ಮತ್ತು 2027, ಈ ಮೂರು ವರ್ಷಕ್ಕೆ ₹6,000 ಕೋಟಿ, 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು. ನಡೆಸುವುದು ಗಾಂಧಿನಗರದಲ್ಲಿರುವ ಯುಜಿಸಿಯ ಕೇಂದ್ರ ಇನ್‌ಫ್ಲಿಬ್‌ನೆಟ್. ಇದರಲ್ಲಿ ಬರುವ ಜರ್ನಲ್‌ಗೆ ಇನ್ನೊಮ್ಮೆ ಚಂದಾ ಕಟ್ಟಿದರೆ ಆಡಿಟ್‌ನವರು ಬಿಡುವುದಿಲ್ಲ, ನಿಜ. ಆದರೆ ಮಂಜೂರಾದ ಅವಧಿ 2027ರ ಡಿಸೆಂಬರ್‌ವರೆಗೆ ಎಂಬುದನ್ನು ನಿಮ್ಮ ತಃಖ್ತೆಯಲ್ಲಿ (ತಾಳೆ ನೋಡಲು ಮಾಡಿಕೊಳ್ಳುವ ಕೋಷ್ಟಕ) ಒಂದು ಕಾಲಂ ಮಾಡಿ ಬರೆದಿಟ್ಟುಕೊಳ್ಳಿ. ಚಂದಾ ನಿಲ್ಲಿಸುವುದಕ್ಕೆ ಈ ಯೋಜನೆ ಸಾಕಾದ ಕಾರಣ, ಮುದ್ರಿತ ಸಂಪುಟ ಎಸೆಯುವುದಕ್ಕೆ ಅಲ್ಲ.

ತಃಖ್ತೆಯಲ್ಲಿ ಪ್ರತಿ ಜರ್ನಲ್‌ಗೆ ಒಂದು ಸಾಲು. ಕಾಲಂಗಳು: ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತು ಸಂಖ್ಯೆ), ಮುದ್ರಿತ ಸಂಪುಟ ಯಾವ ವರ್ಷದಿಂದ ಯಾವ ವರ್ಷದವರೆಗೆ, ನಡುವೆ ಬಿಟ್ಟುಹೋದ ವರ್ಷಗಳು, ಆನ್‌ಲೈನ್ ಎಲ್ಲಿಂದ ಎಲ್ಲಿಯವರೆಗೆ, ಯಾವ ಮೂಲದಿಂದ, ಆ ಹಕ್ಕು ಶಾಶ್ವತವೋ ಚಂದಾ ಇರುವಷ್ಟು ದಿನವೋ. ಐಎಸ್‌ಎಸ್‌ಎನ್‌ನ ನಡುವಿನ ಅಡ್ಡಗೆರೆ ತೆಗೆಯಬೇಡಿ. ತೆಗೆದರೆ ಎಕ್ಸೆಲ್ ಅದನ್ನು ಸಂಖ್ಯೆ ಎಂದುಕೊಂಡು ಮೊದಲಲ್ಲಿರುವ ಸೊನ್ನೆಗಳನ್ನು ನುಂಗುತ್ತದೆ. ಆಮೇಲೆ ಎರಡು ಪಟ್ಟಿ ಒಂದಕ್ಕೊಂದು ಕೂಡುವುದಿಲ್ಲ, ‘ಸಿಗಲಿಲ್ಲ’ ಎಂದು ಬಂದದ್ದರಲ್ಲಿ ಅರ್ಧ ಸುಳ್ಳಾಗಿರುತ್ತದೆ.

ಹೆಸರು ನೋಡಿ ತಾಳೆ ಮಾಡಬೇಡಿ. ಜರ್ನಲ್‌ಗಳು ಹೆಸರು ಬದಲಿಸುತ್ತವೆ, ಒಂದು ಎರಡಾಗುತ್ತದೆ, ಎರಡು ಒಂದಾಗುತ್ತವೆ. ಹಳೆಯ ಹೆಸರಿನ ಮೂವತ್ತು ಸಂಪುಟ ನಿಮ್ಮ ರ‍್ಯಾಕಿನಲ್ಲಿರುತ್ತದೆ, ಆನ್‌ಲೈನ್ ಪಟ್ಟಿಯಲ್ಲಿ ಹೊಸ ಹೆಸರು ಮಾತ್ರ.

ಪ್ರಕಾಶಕರಿಂದ ಕೆಬಾರ್ಟ್ ಎಂಬ ನಮೂನೆಯಲ್ಲಿರುವ ಪಟ್ಟಿಯ ಕಡತ ಕೇಳಿ. ಯಾವ ಸಂಚಿಕೆಯಿಂದ ಯಾವ ಸಂಚಿಕೆಯವರೆಗೆ ಆನ್‌ಲೈನಿನಲ್ಲಿದೆ ಎಂಬುದು ಅದರಲ್ಲಿರುತ್ತದೆ. ಅದರ ಎಂಬಾರ್ಗೊ (ಯಾವ ಅವಧಿಯದ್ದು ಸಿಗುವುದಿಲ್ಲ ಎಂಬ) ಕಾಲಂ ಅನ್ನು ಹೀಗೆ ಓದಬೇಕು: ‘ಪಿ1ವೈ’ ಎಂದಿದ್ದರೆ ಹಿಂದಿನದೆಲ್ಲ ಸಿಗುತ್ತದೆ, ಈಚಿನ ಒಂದು ವರ್ಷದ್ದು ಸಿಗುವುದಿಲ್ಲ. ‘ಆರ್10ವೈ’ ಎಂದಿದ್ದರೆ ಈಚಿನ ಹತ್ತು ವರ್ಷದ್ದು ಮಾತ್ರ, ಅದರಾಚೆಗಿನದು ವರ್ಷ ಕಳೆದಂತೆ ನಿಮ್ಮ ಕೈಯಿಂದ ಜಾರುತ್ತಲೇ ಇರುತ್ತದೆ. ಎರಡನೆಯ ಗುರುತು ಇರುವ ಜರ್ನಲ್‌ನ ಮುದ್ರಿತ ಸಂಪುಟವನ್ನು ಮುಟ್ಟಬೇಡಿ. ಹಳೆಯ ಜರ್ನಲ್‌ಗಳ ಆನ್‌ಲೈನ್ ಭಂಡಾರವಾದ ಜೆಸ್ಟೋರ್‌ನದು ಇನ್ನೊಂದು ಬಗೆ. ಹಳೆಯದು ಮೊದಲ ಸಂಪುಟದಿಂದಲೇ ಇರುತ್ತದೆ, ಈಚಿನದಕ್ಕೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷದ ಗೋಡೆ. ಹಲವು ಪ್ರಕಾಶಕರ ಜರ್ನಲ್‌ಗಳನ್ನು ಒಟ್ಟು ಸೇರಿಸಿ ಮಾರುವ ಡೇಟಾಬೇಸ್ ನಂಬಿ ನೇರ ಚಂದಾ ಬಿಡುವವರೂ ಇದ್ದಾರೆ. ಪ್ರಕಾಶಕ ಮನಸ್ಸು ಬದಲಿಸಿದರೆ ಆ ಜರ್ನಲ್ ಅಲ್ಲಿಂದ ಹೋಯಿತು, ಹಿಂದಿನ ಸಂಚಿಕೆಗಳೂ ಜೊತೆಗೇ ಹೋಗಬಹುದು.

ಇನ್ನು ಕೈಯಾರೆ ಪರೀಕ್ಷೆ. ಪ್ರತಿ ಜರ್ನಲ್‌ಗೆ ಮೂರು ವರ್ಷ ಆರಿಸಿ: ಅತಿ ಹಳೆಯದು, ನಡುವಿನದು, ಈಚಿನದು. ಪ್ರತಿ ವರ್ಷದಲ್ಲೂ ಬೀಗದ ಗುರುತಿರುವ ಒಂದು ಲೇಖನ ಹುಡುಕಿ. ಎಲ್ಲರಿಗೂ ತೆರೆದಿಟ್ಟ ಲೇಖನ ಹೇಗೂ ತೆರೆದುಕೊಳ್ಳುತ್ತದೆ, ಅದನ್ನು ನೋಡಿ ‘ಓಕೆ’ ಬರೆದುಬಿಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಹಾಗಾಗಿ ಮೊದಲು ವೈಫೈ ತೆಗೆದು, ಮೊಬೈಲ್ ಡೇಟಾದಲ್ಲಿ, ಲಾಗಿನ್ ಆಗದೆ ಅದೇ ಕೊಂಡಿ ಒತ್ತಿ. ಲೇಖನ ತೆರೆದುಕೊಳ್ಳಬಾರದು. ಬಳಿಕ ಕ್ಯಾಂಪಸ್ಸಿನ ಕಂಪ್ಯೂಟರಿನಲ್ಲಿ ಒತ್ತಿ. ಪಿಡಿಎಫ್ ಪೂರ್ತಿ ಇಳಿಯಬೇಕು. ಸಾರಾಂಶದ ಪುಟ ಕಂಡರೆ ಲೆಕ್ಕಕ್ಕಿಲ್ಲ. ಮೂರನೆಯ ಸಲ ಮನೆಯಿಂದ, ಕ್ಯಾಂಪಸ್ಸಿನ ಹೊರಗಿರುವವರಿಗಾಗಿ ಇರುವ ಇನ್‌ಫೆಡ್ ಲಾಗಿನ್ ಮೂಲಕ. ಮೂರೂ ಸರಿಯಿದ್ದರೆ ಮಾತ್ರ ತಃಖ್ತೆಯಲ್ಲಿ ತಾರೀಖು ಮತ್ತು ಪರೀಕ್ಷಿಸಿದವರ ಸಹಿ. ಒಬ್ಬರು ದಿನಕ್ಕೆ ಮೂವತ್ತು–ನಲವತ್ತು ಜರ್ನಲ್ ನೋಡಬಹುದು. ಅವಸರ ಮಾಡಿ ನೂರು ನೋಡಿದರೆ ಮತ್ತೆ ಮೊದಲಿನಿಂದ ನೋಡಬೇಕಾಗುತ್ತದೆ.

ಹಳೆಯ ಸಂಪುಟಗಳ ಪಿಡಿಎಫ್ ತೆರೆದಾಗ ಒಂದು ಚಿತ್ರಪಟವನ್ನೂ ನೋಡಿ. ಸಸ್ಯಶಾಸ್ತ್ರ, ಭೂವಿಜ್ಞಾನ, ಪುರಾತತ್ವದ ಜರ್ನಲ್‌ಗಳಲ್ಲಿ ಸ್ಕ್ಯಾನ್ ಮಾಡಿದ ಫೋಟೋಗಳು ಮಸಿ ಚೆಲ್ಲಿದಂತೆ ಕಾಣುವುದುಂಟು, ಮಡಚಿದ ನಕ್ಷೆಗಳು ಬಿಟ್ಟೇಹೋಗಿರುವುದುಂಟು. ಅಂಥದ್ದನ್ನು ಉಳಿಸಿಕೊಳ್ಳಬೇಕು.

ಕ್ಯಾಂಪಸ್ಸಿನಲ್ಲಿ ಎಲ್ಲ ಜರ್ನಲ್‌ಗಳೂ ಒಟ್ಟಿಗೇ ಬಂದ್ ಆದವೆಂದರೆ ಪ್ರಕಾಶಕರನ್ನು ಬೈಯುವ ಮೊದಲು ಕಂಪ್ಯೂಟರ್ ಸೆಂಟರಿಗೆ ಫೋನ್ ಮಾಡಿ. ಇಂಟರ್‌ನೆಟ್ ಕೊಡುವವರನ್ನು ಬದಲಿಸಿ, ಹೊಸ ಐಪಿ ವಿಳಾಸವನ್ನು (ಪ್ರಕಾಶಕರು ಕ್ಯಾಂಪಸ್ಸನ್ನು ಗುರುತಿಸುವುದು ಇದರಿಂದಲೇ) ಗ್ರಂಥಾಲಯಕ್ಕೆ ಹೇಳುವುದನ್ನೇ ಅವರು ಮರೆತಿರುತ್ತಾರೆ.

‘ಐದು ಸಾವಿರ ಇ-ಜರ್ನಲ್, ವರ್ಷಕ್ಕೆ ಇಷ್ಟೇ’ ಎಂದು ಬಣ್ಣದ ಕರಪತ್ರ ಹಿಡಿದು ಬರುವವರ ಬಗ್ಗೆಯೂ ಒಂದು ಮಾತು. ಪಟ್ಟಿ ಇಸಿದುಕೊಂಡು ಕಣ್ಣಿಗೆ ಬಿದ್ದ ಐವತ್ತು ಹೆಸರನ್ನು ಡಿಒಎಜೆಯಲ್ಲಿ (ಎಲ್ಲರಿಗೂ ತೆರೆದಿಟ್ಟ ಜರ್ನಲ್‌ಗಳ ಆನ್‌ಲೈನ್ ಸೂಚಿ) ಹುಡುಕಿ. ಅರ್ಧಕ್ಕಿಂತ ಹೆಚ್ಚು ಅಲ್ಲೇ ಪುಕ್ಕಟೆ ಸಿಕ್ಕರೆ, ನೀವು ಕೊಳ್ಳುತ್ತಿರುವುದು ಒಂದು ಸರ್ಚ್ ಬಾಕ್ಸ್ ಅಷ್ಟೆ. ಬೇಡ ಅನ್ನಿ.

ಹಂತ 4: ವಿಭಾಗಗಳನ್ನು ಕೇಳಿ, ಆದರೆ ಸರಿಯಾಗಿ ಕೇಳಿ

‘ಈ ಜರ್ನಲ್ ಬೇಕೇ?’ ಎಂದರೆ ಎಲ್ಲರೂ ಬೇಕೆನ್ನುತ್ತಾರೆ. ‘ಈ ಐದರಲ್ಲಿ ಎರಡಕ್ಕೆ ಹಣವಿದೆ, ಯಾವ ಎರಡು?’ ಎಂದು ಬಳಕೆಯ ಅಂಕಿಗಳ ಜೊತೆ ಕೇಳಿ. 30 ದಿನ ಗಡುವು ಕೊಡಿ. ಉತ್ತರ ಲಿಖಿತವಾಗಿರಲಿ.

ಹಂತ 5: ಏನನ್ನು ತೆಗೆಯಬಾರದು

ಕನ್ನಡದ ನಿಯತಕಾಲಿಕಗಳು ಮೇಲಿನ ಯಾವ ಪಟ್ಟಿಯ ಭರವಸೆಯಲ್ಲೂ ಇಲ್ಲ. 1919ರಲ್ಲಿ ಶುರುವಾದ ‘ಪ್ರಬುದ್ಧ ಕರ್ನಾಟಕ’, ಧಾರವಾಡದ ‘ಕರ್ನಾಟಕ ಭಾರತಿ’, ‘ಸಂಕ್ರಮಣ’, ಅಡಿಗರ ‘ಸಾಕ್ಷಿ’, ಇವು ಬಿಡಿ ಸಂಚಿಕೆಯಾಗಿದ್ದರೂ, ರಟ್ಟು ಕಿತ್ತಿದ್ದರೂ ಉಳಿಯಬೇಕು. ಇಂಗ್ಲಿಷ್ ಜರ್ನಲ್‌ನ ಒಂದು ಸಂಪುಟ ಹೋದರೆ ಇನ್ನೊಂದು ಊರಿನಲ್ಲಿ ಸಿಗುತ್ತದೆ. ಇವುಗಳಿಗೆ ಆ ಧೈರ್ಯವಿಲ್ಲ. ಚುಕ್ಕೆಗಳ ಲೆಕ್ಕವನ್ನು ಈ ಸಾಲಿಗೆ ಅನ್ವಯಿಸಲೇಬೇಡಿ.

ತೆಗೆಯುವುದಕ್ಕೆ ಸಮಿತಿಯ ಶಿಫಾರಸು, ಸಿಂಡಿಕೇಟ್ ಒಪ್ಪಿಗೆ ಎರಡೂ ಬೇಕು. ಕೇಂದ್ರದ ಹಣಕಾಸು ನಿಯಮಾವಳಿ ಜಿಎಫ್‌ಆರ್ 2017ರ 215ನೇ ನಿಯಮದಲ್ಲಿ ‘ಸಾವಿರಕ್ಕೆ ಐದು’ ಎಂಬ ಮಾತಿದೆಯಲ್ಲ ಎಂದು ಕೆಲವರು ಅದನ್ನೇ ಆಧಾರ ಮಾಡಿಕೊಳ್ಳುತ್ತಾರೆ. ಅದು ಎರವಲು ಹೋಗಿ ಅಥವಾ ಓದಲು ಕೊಟ್ಟು ಕಳೆದುಹೋದ ಪುಸ್ತಕಗಳ ವಿಷಯ, ನಾವಾಗಿ ತೆಗೆದುಹಾಕುವುದರದ್ದಲ್ಲ. ಅಕ್ಸೆಷನ್ ರಿಜಿಸ್ಟರಿನಲ್ಲಿ (ಗ್ರಂಥಾಲಯಕ್ಕೆ ಬಂದ ಪುಸ್ತಕಗಳ ನೋಂದಣಿ ಪುಸ್ತಕ) ಆಯಾ ಸಂಖ್ಯೆಯ ಎದುರು ಕೆಂಪು ಶಾಯಿಯಲ್ಲಿ ಆದೇಶದ ಸಂಖ್ಯೆ, ತಾರೀಖು ಬರೆದು, ಸಂಪುಟದ ಮೊಹರಿನ ಮೇಲೆ ‘ರದ್ದು’ ಒತ್ತಿ.

ಹಂತ 6: ಜಾಗ ಅಳೆಯಿರಿ, ನೆಲ ಕೇಳಿ

ಸಂಪುಟ ಎಣಿಸಿದರೆ ಸಾಲದು, ಟೇಪು ಹಿಡಿದು ಅಳೆಯಬೇಕು. ಉದಾಹರಣೆಗೆ ಉಳಿಸಿಕೊಂಡ 4,200 ಸಂಪುಟ, ಸರಾಸರಿ ದಪ್ಪ 5 ಸೆಂ.ಮೀ. ಎಂದರೆ 210 ಮೀಟರ್. 90 ಸೆಂ.ಮೀ. ಅಗಲದ ಆರು ಹಲಗೆಯ ರ‍್ಯಾಕಿನ ಒಂದು ಮುಖದಲ್ಲಿ 5.4 ಮೀಟರ್. ಅದರಲ್ಲಿ ನೂರಕ್ಕೆ 80 ಮಾತ್ರ ತುಂಬಬೇಕು, ಅಂದರೆ 4.32 ಮೀಟರ್. 210ನ್ನು ಅದರಿಂದ ಭಾಗಿಸಿದರೆ 49 ಮುಖ, ಎರಡು ಮುಖದ ರ‍್ಯಾಕಾದರೆ 25. ಒತ್ತಿ ತುಂಬಿದ ಹಲಗೆಯಿಂದ ಸಂಪುಟವನ್ನು ಬೆನ್ನಿನ ತುದಿ ಹಿಡಿದು ಎಳೆಯುತ್ತಾರೆ, ಬೈಂಡಿಂಗ್ ಮೊದಲು ಕೀಳುವುದು ಅಲ್ಲೇ.

ಬೌಂಡ್ ವಾಲ್ಯೂಮ್‌ಗಳನ್ನು ಖಾಲಿ ಬಿದ್ದ ತರಗತಿಯ ಕೋಣೆಗೆ ಸಾಗಿಸುವುದು ಅಪಾಯದ ಕೆಲಸ. ಕಟ್ಟಡಗಳ ಭಾರ ಕುರಿತ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ತರಗತಿಯ ನೆಲಕ್ಕೆ ಲೆಕ್ಕ ಹಾಕುವ ಭಾರ ಚದರ ಮೀಟರಿಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕಿಲೋ. ಪುಸ್ತಕ ಪೇರಿಸುವ ಕೋಣೆಗೆ 2.2 ಮೀಟರ್ ಎತ್ತರದವರೆಗೆ 6, ಅದರ ಮೇಲೆ ಪ್ರತಿ ಮೀಟರಿಗೆ ಇನ್ನೂ 2. ಹಳಿಯ ಮೇಲೆ ಜರುಗಿಸುವ ಕಾಂಪ್ಯಾಕ್ಟರ್‌ಗಳನ್ನು ಮೇಲಿನ ಮಹಡಿಯಲ್ಲಿ ಇಡುವ ಮಾತು ಬಂದರೆ ವಿಶ್ವವಿದ್ಯಾಲಯದ ಎಂಜಿನಿಯರ್ ಲಿಖಿತವಾಗಿ ಒಪ್ಪದೆ ಆರ್ಡರ್ ಕೊಡಬೇಡಿ. ಮಾರುವವರು ‘ಏನೂ ಆಗಲ್ಲ ಸಾರ್’ ಅನ್ನುತ್ತಾರೆ, ಕಾಗದದ ಮೇಲೆ ಬರೆದುಕೊಡುವುದಿಲ್ಲ.

ಹಂತ 7: ಸಾಗಣೆ

ಮಳೆಗಾಲದಲ್ಲಿ ಬೇಡ. ಮಲೆನಾಡು, ಕರಾವಳಿಯಲ್ಲಂತೂ ಮೇ ಮೊದಲ ವಾರದೊಳಗೆ ಮುಗಿಸಿ. ಗೋಣಿಚೀಲ ಬಳಸಬೇಡಿ, ಮೂಲೆಗಳು ಜಜ್ಜಿಹೋಗುತ್ತವೆ. ಟ್ರಾಲಿಯೇ ಆಗಬೇಕು. ಖಾಲಿ ರ‍್ಯಾಕಿನ ಪ್ರತಿ ಹಲಗೆಗೂ ಮೊದಲೇ ಸಂಖ್ಯೆ ಅಂಟಿಸಿ, ಟ್ರಾಲಿಯಲ್ಲಿ ಅದೇ ಸಂಖ್ಯೆಯ ಚೀಟಿ ಇಡಿ. ಗೋಡೆಗೂ ರ‍್ಯಾಕಿಗೂ 15 ಸೆಂ.ಮೀ. ಬಿಡಿ, ಗೆದ್ದಲಿನ ಮಣ್ಣಿನ ಗೆರೆ ಕಣ್ಣಿಗೆ ಬೀಳುವಂತಿರಬೇಕು.

ಹಂತ 8: ತೆರವಾದ ಜಾಗ

ಕೆಪಿಎಸ್‌ಸಿ, ಕೆ-ಸೆಟ್‌ಗೆ ಓದುವವರು ತಮ್ಮದೇ ಪುಸ್ತಕ ತಂದು ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರುತ್ತಾರೆ. ಅವರಿಗೆ ಬಾಗಿಲ ಹತ್ತಿರ, ನೀರು–ಶೌಚಾಲಯ ಸಮೀಪವಿರುವ ಪ್ರತ್ಯೇಕ ಹಾಲ್ ಕೊಡಿ. ಸಂಪುಟಗಳ ನಡುವೆ ಕೂರಿಸಿದರೆ ರಾತ್ರಿ ಇಡೀ ಮಹಡಿಗೆ ಕಾವಲು ಬೇಕಾಗುತ್ತದೆ. ಪ್ರತಿ ಆಸನಕ್ಕೂ ಒಂದು ಪ್ಲಗ್ ಇರಲಿ, ಇಲ್ಲದಿದ್ದರೆ ಎಕ್ಸ್‌ಟೆನ್ಷನ್ ವಯರುಗಳು ನೆಲದ ಮೇಲೆಲ್ಲ ಹರಿದಾಡುತ್ತವೆ.

ಮೇಜು ಹಾಕುವ ಮೊದಲು ತಲೆ ಎತ್ತಿ ನೋಡಿ. ಟ್ಯೂಬ್‌ಲೈಟ್‌ಗಳು ಹಳೆಯ ರ‍್ಯಾಕ್ ಸಾಲುಗಳ ನಡುದಾರಿಗೆ ಹೊಂದಿಕೊಂಡು ಕೂತಿರುತ್ತವೆ. ರ‍್ಯಾಕ್ ಹೋದ ಮೇಲೂ ಬೆಳಕು ಆ ದಾರಿಗಳ ಮೇಲೇ ಬೀಳುತ್ತದೆ, ಹೊಸ ಮೇಜಿನ ಮೇಲೆ ಓದುವವರದೇ ನೆರಳು. ಫ್ಯಾನ್ ಕೊಕ್ಕೆಗಳದ್ದೂ ಇದೇ ಕಥೆ. ವಯರಿಂಗ್ ಬದಲಿಸುವ ಖರ್ಚನ್ನು ಮೊದಲ ಅಂದಾಜಿನಲ್ಲೇ ಸೇರಿಸಿ, ಆಮೇಲೆ ಯಾರೂ ಕೊಡುವುದಿಲ್ಲ.

ಹಂತ 9: ಕ್ಯಾಟಲಾಗ್

ಗ್ರಂಥಾಲಯದ ತಂತ್ರಾಂಶ ಕೋಹಾ ಇರಲಿ, ಸೋಲ್ ಇರಲಿ, ಜರ್ನಲ್‌ನ ದಾಖಲೆಯನ್ನು ಅಳಿಸಬೇಡಿ, ತಿದ್ದಿ. ‘1974–2008 ಮುದ್ರಿತ, ನೆಲಮಹಡಿ, ರ‍್ಯಾಕ್ 14; 1997ರಿಂದ ಆನ್‌ಲೈನ್’ ಎಂದು ಓದುಗರಿಗೆ ಕಾಣುವಂತಿರಲಿ. ಎರಡನೇ ಮಹಡಿಯ ಮೆಟ್ಟಿಲ ಬಳಿ ‘ಬೌಂಡ್ ವಾಲ್ಯೂಮ್‌ಗಳು ನೆಲಮಹಡಿಗೆ ಬಂದಿವೆ’ ಎಂಬ ಫಲಕ ಒಂದು ವರ್ಷವಾದರೂ ಇರಬೇಕು. ಅದನ್ನು ಎ4 ಹಾಳೆಯಲ್ಲಿ ಮುದ್ರಿಸಿ ಸೆಲ್ಲೋಟೇಪ್‌ನಲ್ಲಿ ಅಂಟಿಸಿದರೆ ವಾರಕ್ಕೇ ಬೀಳುತ್ತದೆ. ಪೇಂಟರನ್ನು ಕರೆಸಿ ಬರೆಸಿ.