ಹಳೆಯ ಸ್ಟೇಷನ್ ವ್ಯಾಗನ್: ಚಕ್ರ ಆರಿಸುವುದು, ಹಿಂಬದಿ ನೋಡಿಕೊಳ್ಳುವುದು ಹೇಗೆ?

ಹಳೆಯ ಸ್ಟೇಷನ್ ವ್ಯಾಗನ್ (ಸಾಮಾನು ಹೇರಲು ಚಾವಣಿಯನ್ನು ಹಿಂದಿನ ತುದಿಯವರೆಗೂ ಚಾಚಿದ ಕಾರು) ಕೊಂಡವರು ಮೊದಲು ಬಾನೆಟ್ ಎತ್ತುತ್ತಾರೆ. ಆಮೇಲೆ ಹೊಳೆಯುವ ಅಲಾಯ್ ವೀಲ್ ಹುಡುಕಲು ಹೊರಡುತ್ತಾರೆ. ನಾನೂ ಹಾಗೇ ಮಾಡಿದೆ. ಹೊಸ ಚಕ್ರ ಹಾಕಿ ನಿಲ್ಲಿಸಿದಾಗ ಗಾಡಿ ಮದುಮಗನ ಹಾಗೆ ಕಾಣುತ್ತಿತ್ತು. ಐದು ಜನ ಕೂತು, ಹಿಂದೆ ಸಾಮಾನು ತುಂಬಿ ಹೊರಟ ಮೊದಲ ದಿನವೇ ಪ್ರತಿ ಹಂಪ್‌ನಲ್ಲೂ ಹಿಂದಿನಿಂದ ‘ಕರ್’ ಎಂಬ ಸದ್ದು. ಇಳಿದು ನೋಡಿದರೆ ಟೈರಿನ ಅಂಚು ಮಡ್‌ಗಾರ್ಡಿನ ಒಳಮಡಿಕೆಗೆ ಉಜ್ಜಿ ಸಿಪ್ಪೆ ಎದ್ದಿತ್ತು. ಖಾಲಿ ಗಾಡಿಯಲ್ಲಿ ಅಳತೆ ತೆಗೆದಿದ್ದೆ, ಅಷ್ಟೇ ತಪ್ಪು.

ವ್ಯಾಗನ್ ಹೊರೆ ಹೊರಲೆಂದೇ ಮಾಡಿದ ಗಾಡಿ. ಹೊರೆ ಬೀಳುವುದು ಹಿಂದಿನ ಆಕ್ಸಲ್, ಅಂದರೆ ಹಿಂದಿನ ಎರಡು ಚಕ್ರಗಳ ಅಚ್ಚಿನ ಮೇಲೆ. ಹಾಗಾಗಿ ಚಕ್ರ ಆರಿಸುವಾಗಲೂ ಸರಿ, ರಿಪೇರಿಗೆ ಕೂರುವಾಗಲೂ ಸರಿ, ಹಿಂದಿನಿಂದ ಶುರು ಮಾಡಿ.

ಮೊದಲು ತೂಕದ ಲೆಕ್ಕ

ಬಾನೆಟ್ ಒಳಗೋ ಬಾಗಿಲ ಕಂಬದ ಮೇಲೋ ಕಂಪನಿಯ ತಗಡು ಇರುತ್ತದೆ. ಒಂದೊಂದು ಆಕ್ಸಲ್ ಗರಿಷ್ಠ ಎಷ್ಟು ಭಾರ ಹೊರಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಹಿಂದಿನ ಆಕ್ಸಲ್‌ನ ಅಂಕಿಯನ್ನು ಎರಡರಿಂದ ಭಾಗಿಸಿ. ಒಂದು ಚಕ್ರ, ಒಂದು ಟೈರು ಹೊರಬೇಕಾದ ತೂಕ ಅಷ್ಟು.

1,100 ಕೆಜಿ ಅಂತ ಇದೆ ಎಂದುಕೊಳ್ಳಿ. ಒಂದು ಟೈರಿಗೆ 550 ಕೆಜಿ. ಟೈರಿನ ಬದಿಯಲ್ಲಿ ಅಳತೆಯ ಪಕ್ಕ ‘88 H’ ಎಂಬಂಥ ಗುರುತು ಇರುತ್ತದಲ್ಲ, ಅದರಲ್ಲಿ 88 ಅಂದರೆ 560 ಕೆಜಿ. ನಡೆಯುತ್ತದೆ, ಆದರೆ ತೀರಾ ಅಂಚಿನಲ್ಲಿ. 91 ಅಂದರೆ 615 ಕೆಜಿ, ನಾನಾದರೆ ಇದನ್ನೇ ಕೊಳ್ಳುತ್ತೇನೆ. 86 ಆದರೆ 530 ಕೆಜಿ ಮಾತ್ರ, ಮುಟ್ಟಲೇಬೇಡಿ. ಪಕ್ಕದ ಅಕ್ಷರ ವೇಗದ ಮಿತಿ: T ಅಂದರೆ ಗಂಟೆಗೆ 190 ಕಿಮೀ, H ಅಂದರೆ 210.

ಟೈರಿನ ತೂಕದ ಮಿತಿ ನೋಡುವವರು ಸಾಕಷ್ಟಿದ್ದಾರೆ, ರಿಮ್ಮಿನದನ್ನು ನೋಡುವವರು ಕಡಿಮೆ. ಒಳ್ಳೆಯ ಅಲಾಯ್ ರಿಮ್ಮಿನ ಹಿಂಬದಿಯಲ್ಲಿ ಅದು ಎಷ್ಟು ಕೆಜಿ ತಡೆಯುತ್ತದೆ ಎಂದು ಅಚ್ಚು ಹಾಕಿರುತ್ತಾರೆ. ಸಣ್ಣ ಕಾರಿಗೆಂದು ಎರಕ ಹೊಯ್ದ ರಿಮ್ಮು ನೋಡಲು ಎಷ್ಟೇ ಚೆನ್ನಾಗಿರಲಿ, ಏಳು ಜನ ಕೂರುವ ವ್ಯಾಗನ್‌ಗೆ ಅದು ಬೇಡ. ಪೂಜೊ 504ರ ವ್ಯಾಗನ್‌ಗೆ ಹಿಂದೆ ಒಂದೊಂದು ಬದಿಗೂ ಎರಡೆರಡು ಸ್ಪ್ರಿಂಗ್ ಕೊಟ್ಟಿದ್ದರು. ಸ್ಪ್ರಿಂಗ್ ಮೇಲೆ ಅಷ್ಟು ಭಾರ ಬೀಳುತ್ತದೆ ಅಂದರೆ ಕೆಳಗಿನ ರಿಮ್ಮಿನ ಪಾಡು ನೀವೇ ಊಹಿಸಿ.

ರಿಮ್ಮಿನ ಅಳತೆ

ಒಂದು: ಬೋಲ್ಟುಗಳ ವೃತ್ತ. ‘5×108’ ಅಂದರೆ ಐದು ತೂತು, ಅವುಗಳ ನಡುಬಿಂದುಗಳ ಮೇಲೆ ಎಳೆದ ವೃತ್ತದ ಅಡ್ಡಳತೆ 108 ಮಿಮೀ. ನಾಲ್ಕು ತೂತಿದ್ದರೆ ಎದುರುಬದುರು ಅಳೆದರೆ ಮುಗಿಯಿತು. ಐದಿದ್ದರೆ ಎದುರಿಗೆ ತೂತೇ ಇರುವುದಿಲ್ಲ. ಆಗ ಅಕ್ಕಪಕ್ಕದ ಎರಡು ತೂತುಗಳ ನಡುಬಿಂದುಗಳ ಅಂತರ ತೆಗೆದು 1.701ರಿಂದ ಗುಣಿಸಿ. 63.5 ಬಂದರೆ 108, 65.8 ಬಂದರೆ 112, 67.2 ಬಂದರೆ 114.3. ವ್ಯತ್ಯಾಸ ಎಷ್ಟು ಸಣ್ಣದು ನೋಡಿ. ಅದಕ್ಕೇ 112ರ ಹಬ್ಬಿಗೆ (ಚಕ್ರವನ್ನು ಬಿಗಿಯುವ ಗಾಡಿಯ ಕಡೆಯ ಭಾಗ) 114.3ರ ರಿಮ್ಮು ‘ಹೇಗೋ ಕೂರುತ್ತದೆ’ ಎನ್ನುವವರು ಸಿಗುತ್ತಾರೆ. ಕೂರುತ್ತದೆ ನಿಜ, ಆದರೆ ಬೋಲ್ಟುಗಳು ಓರೆಯಾಗಿ ಎಳೆದುಕೊಂಡಿರುತ್ತವೆ. ಅವು ಒಂದು ದಿನ ಸಡಿಲಾಗುತ್ತವೆ, ಇಲ್ಲವೇ ಮುರಿಯುತ್ತವೆ.

ಎರಡು: ನಡುವಿನ ದೊಡ್ಡ ತೂತು. ರಿಮ್ಮಿನ ತೂತು ಹಬ್ಬಿಗಿಂತ ಚಿಕ್ಕದಿದ್ದರೆ ಕೂರುವುದೇ ಇಲ್ಲ. ದೊಡ್ಡದಿದ್ದರೆ ಕೂರುತ್ತದೆ, ಆದರೆ ನಡುವಿಗೆ ಸರಿಯಾಗಿ ನಿಲ್ಲದೆ ಸ್ಟಿಯರಿಂಗ್ ನಡುಗುತ್ತದೆ. ಆ ಸಂದು ತುಂಬಲು ಉಂಗುರದಂಥ ರಿಂಗ್ ಸಿಗುತ್ತದೆ. ನಿಮ್ಮ ಅಳತೆಯದನ್ನೇ ಹಾಕಿಸಿ.

ಮೂರನೆಯದೇ ತಲೆನೋವಿನದು, ಆಫ್‌ಸೆಟ್. ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ಅಂಟುವ ಮುಖ ಎಷ್ಟು ದೂರ ಇದೆ ಎನ್ನುವ ಲೆಕ್ಕ ಇದು. ‘ET 20’ ಅಂದರೆ ಆ ಮುಖ ನಡುಗೆರೆಯಿಂದ 20 ಮಿಮೀ ಹೊರಕ್ಕಿದೆ. ಅಂಕಿ ಜಾಸ್ತಿ ಆದಷ್ಟೂ ಚಕ್ರ ಗಾಡಿಯ ಒಳಕ್ಕೆ ಸರಿಯುತ್ತದೆ. ಹಿಂದಿನ ಚಕ್ರ ಎಳೆಯುವ ಹಳೆಯ ಗಾಡಿಗಳಲ್ಲಿ ಆಫ್‌ಸೆಟ್ ಸಾಮಾನ್ಯವಾಗಿ ಕಡಿಮೆ. ಈಚಿನ, ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಜಾಸ್ತಿ. ವೋಲ್ವೊ 240ಕ್ಕೂ ಅದರ ನಂತರ ಬಂದ 850ರ ಹೆಚ್ಚಿನ ಗಾಡಿಗಳಿಗೂ 5×108 ರಿಮ್ಮೇ. ಆದರೂ 850ರ ರಿಮ್ಮನ್ನು ತಂದು 240ಕ್ಕೆ ನೇರ ತೊಡಿಸಿದರೆ ಆಫ್‌ಸೆಟ್ ಕೈಕೊಡುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಹಳೆಯದು 6 ಇಂಚು ಅಗಲ, ET 20. ಹೊಸದು 7 ಇಂಚು, ET 38. ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಒಳಬದಿಯ ಅಂಚು ಸಿಗುತ್ತದೆ. ಹಳೆಯದಕ್ಕೆ 76+20, ಅಂದರೆ 96 ಮಿಮೀ. ಹೊಸದಕ್ಕೆ 89+38, ಅಂದರೆ 127. ಒಳಗಡೆ 31 ಮಿಮೀ ಜಾಸ್ತಿ ನುಗ್ಗಿತು! ಅಲ್ಲಿ ಸ್ಪ್ರಿಂಗೋ ಶಾಕ್ ಅಬ್ಸಾರ್ಬರೋ ಕಾದು ಕೂತಿರುತ್ತದೆ. ಆಫ್‌ಸೆಟ್ ಕಳೆದರೆ ಹೊರಬದಿಯ ಲೆಕ್ಕ. ಹಳೆಯದು 56, ಹೊಸದು 51. ಹೊರಗಿನಿಂದ ನೋಡಿದವರಿಗೆ ಚಕ್ರ 5 ಮಿಮೀ ಒಳಗೆ ಹೋದಂತೆ ಕಾಣುತ್ತದೆ ಅಷ್ಟೆ. ಆಗುತ್ತಿರುವ ಅನಾಹುತ ಒಳಗಡೆಯದು.

ನಾಲ್ಕನೆಯದು ಟೈರಿನ ಪೂರ್ತಿ ಎತ್ತರ. 185/70 R14 ಟೈರಿನ (ಅಗಲ 185 ಮಿಮೀ, ಬದಿಯ ಗೋಡೆ ಅಗಲದ 70 ಶೇಕಡಾ, ರಿಮ್ಮು 14 ಇಂಚು) ಎತ್ತರ ಸುಮಾರು 615 ಮಿಮೀ. 15 ಇಂಚಿನ ರಿಮ್ಮಿಗೆ ಹೋಗುವುದಾದರೆ 195/60 R15 ತೆಗೆದುಕೊಳ್ಳಿ, ಅದರದೂ 615. 195/65 R15 ಹಾಕಿದರೆ 634ಕ್ಕೆ ಏರಿ, ಸ್ಪೀಡೋಮೀಟರ್ ನಿಜಕ್ಕಿಂತ 3 ಶೇಕಡಾ ಕಡಿಮೆ ತೋರಿಸುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಒಂದು ಇಂಚಿಗಿಂತ ಜಾಸ್ತಿ ಏರಲೇಬೇಡಿ. ಟೈರಿನ ಗೋಡೆ ತೆಳ್ಳಗಾದಷ್ಟೂ ರಸ್ತೆ ಗುಂಡಿಯ ಏಟು ನೇರವಾಗಿ ಸಸ್ಪೆನ್ಷನ್‌ನ ಕೀಲುಗಳಲ್ಲಿರುವ ಹಳೆಯ ರಬ್ಬರ್ ಬುಶ್‌ಗಳಿಗೆ, ಗಾಡಿಯ ಬಾಡಿಗೆ ಬೀಳುತ್ತದೆ.

ಟೈರು ಕೊಳ್ಳುವಾಗ ತಾರೀಖು ನೋಡಿ. ಬದಿಯಲ್ಲಿ DOT ಎಂಬ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಟೈರಿನ ಮೇಲಿನ ಗೆರೆಗಳು ಎಷ್ಟೇ ಆಳ ಇರಲಿ, ಎಸೆಯಿರಿ. ವ್ಯಾಗನ್‌ನ ಸ್ಟೆಪ್ನಿಯಲ್ಲಿ ಇಂಥ ಮುದಿ ಟೈರು ಸಿಗುವುದೇ ಜಾಸ್ತಿ.

ನಟ್ಟು ಬೋಲ್ಟು

ರಿಮ್ಮು ಬದಲಾದರೆ ನಟ್ಟು, ಬೋಲ್ಟು ಕೂಡ ಬದಲಾಗಬೇಕಾಗಬಹುದು. ತಲೆಯ ಕೆಳಗಿನ ಆಕಾರ ನೋಡಿ: ಕೆಲವು ಓರೆ, ಕೆಲವು ಚೆಂಡಿನ ಹಾಗೆ ದುಂಡು, ಕೆಲವು ವಾಷರ್ ಇರುವ ಚಪ್ಪಟೆ. ದುಂಡು ಕುಳಿಗೆ ಓರೆ ಬೋಲ್ಟು ಹಾಕಿದರೆ ಒಂದು ಗೆರೆಯಷ್ಟು ಮಾತ್ರ ತಾಗಿರುತ್ತದೆ. ಬಿಗಿಯಾದಂತೆ ಅನಿಸುತ್ತದೆ, ಆಗಿರುವುದಿಲ್ಲ.

ಅಲಾಯ್ ದಪ್ಪ, ಹಾಗಾಗಿ ಅದಕ್ಕೆ ಉದ್ದ ಬೋಲ್ಟು ಬೇಕು. ಸ್ಟೆಪ್ನಿ ಮಾತ್ರ ಹಳೆಯ ಸ್ಟೀಲ್ ರಿಮ್ಮೇ ಆಗಿದ್ದರೆ ಅದಕ್ಕೆ ಗಿಡ್ಡ ಬೋಲ್ಟೇ ಆಗಬೇಕು. ಉದ್ದದ್ದನ್ನು ಹಾಕಿ ತಿರುವಿದರೆ ತುದಿ ಒಳಗೆ ಹೋಗಿ ಬ್ರೇಕಿನ ಭಾಗಗಳಿಗೆ ತಾಗಬಹುದು. ಪಂಕ್ಚರ್ ಆಗುವುದು ಯಾವಾಗಲೂ ರಾತ್ರಿ, ಮಳೆಯಲ್ಲಿ ಅಲ್ವಾ? ಗಿಡ್ಡ ಬೋಲ್ಟುಗಳನ್ನು ಚೀಲದಲ್ಲಿ ಕಟ್ಟಿ ಸ್ಟೆಪ್ನಿಯ ನಡುವೆಯೇ ಇಟ್ಟುಬಿಡಿ.

ಬಿಗಿ ಮಾಡುವುದು ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿಯಾಯಿತು ಎಂದು ಅಳೆದು ತೋರಿಸುವ ಸ್ಪ್ಯಾನರ್), ಎದುರುಬದುರು ಕ್ರಮದಲ್ಲಿ. ಎಷ್ಟು ಎನ್ನುವುದು ಗಾಡಿಯ ಮ್ಯಾನ್ಯುಯಲ್‌ನಲ್ಲಿದೆ. ಬೋಲ್ಟಿನ ಥ್ರೆಡ್‌ಗೆ ಗ್ರೀಸ್ ಬೇಡ. 80 ಕಿಮೀ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ಹಾಕಿ ನೋಡಿಯೇ ಕೊಳ್ಳಿ

ಟೈರು ಕೂರಿಸುವ ಮೊದಲು ಬರೀ ರಿಮ್ಮನ್ನು ಹಬ್ಬಿಗೆ ತೊಡಿಸಿ. ಜಾಕಿನ ಮೇಲಷ್ಟೇ ನಂಬಿ ಕೂರಬೇಡಿ, ಸ್ಟ್ಯಾಂಡ್ ಕೊಡಿ, ಉಳಿದ ಚಕ್ರಗಳಿಗೆ ಕಲ್ಲಿಡಿ. ಮಕ್ಕಳು ಆಡುವ ಕ್ಲೇ ಒಂದು ಉಂಡೆ ಬ್ರೇಕ್ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗ) ಅಂಟಿಸಿ ಕೈಯಲ್ಲಿ ರಿಮ್ಮು ತಿರುಗಿಸಿ. ತೆಗೆದು ಕ್ಲೇಯ ದಪ್ಪ ಅಳೆಯಿರಿ. 3 ಮಿಮೀಗಿಂತ ಕಡಿಮೆ ಉಳಿದಿದ್ದರೆ ಆ ರಿಮ್ಮು ನಿಮ್ಮದಲ್ಲ.

ಆಮೇಲೆ ಟೈರು ಹಾಕಿಸಿ ಹಿಂದೆ ಮರಳು ಚೀಲ ಪೇರಿಸಿ, ಹಿಂದಿನ ಸೀಟಿನಲ್ಲಿ ಜನ ಕೂರಿಸಿ. ಸ್ಟಿಯರಿಂಗ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ. ಹಿಂದೆ ಮಡ್‌ಗಾರ್ಡಿನ ಒಳಮಡಿಕೆಗೂ ಟೈರಿಗೂ ನಡುವೆ ಕೈಬೆರಳು ಆಡಬೇಕು. ನಾನು ಬಿಟ್ಟಿದ್ದು ಇದೊಂದನ್ನೇ.

ಮೂಲ ಸ್ಟೀಲ್ ರಿಮ್ಮು ಇನ್ನೂ ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ ಎನ್ನುವ ಪಂಗಡದವನು ನಾನು. ತಿರುಗಿಸಿ ಓಲಾಟ ನೋಡಿ, ವೆಲ್ಡಿಂಗ್ ಸುತ್ತ ಬಿರುಕು ಹುಡುಕಿ. ಬಣ್ಣ ಹೊಡೆಸುವಾಗ ಹಬ್ಬಿಗೆ ಅಂಟುವ ಮುಖಕ್ಕೂ ಬೋಲ್ಟು ಕೂರುವ ಕುಳಿಗೂ ಪೇಪರ್ ಅಂಟಿಸಿ ಮುಚ್ಚಿಸಿ. ಅಲ್ಲಿ ದಪ್ಪ ಬಣ್ಣ ಬಿದ್ದರೆ ಅದು ಕ್ರಮೇಣ ನುಜ್ಜಾಗಿ ನಟ್ಟು ಸಡಿಲಾಗುತ್ತದೆ.

ಹಿಂಬಾಗಿಲು

ವ್ಯಾಗನ್‌ನ ಹಿಂಬದಿ ನೆಟ್ಟಗೆ ಕತ್ತರಿಸಿದ ಹಾಗಿರುತ್ತದೆ. ಓಡುವಾಗ ಅಲ್ಲಿ ಗಾಳಿ ಸುಳಿ ಸುತ್ತುತ್ತದೆ. ಸೈಲೆನ್ಸರ್ ಹೊಗೆ ಆ ಸುಳಿಯಲ್ಲಿ ಸಿಕ್ಕಿ ಸಣ್ಣ ಸಂದಿನಲ್ಲೂ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಹಿಂದೆ ಕೂತ ಮಕ್ಕಳಿಗೆ ಸುಮ್ನೆ ತಲೆನೋವು, ನಿದ್ದೆ ಅಂದರೆ ಮೊದಲು ಬಾಗಿಲಿನ ರಬ್ಬರ್ ಬೀಡಿಂಗ್ ನೋಡಿ, ಜತೆಗೆ ಸೈಲೆನ್ಸರ್‌ನ ತೂತು ನೋಡಿ. ಉದ್ದ ಸಾಮಾನು ಇದೆಯೆಂದು ಹಿಂಬಾಗಿಲು ತೆರೆದಿಟ್ಟು ಓಡಿಸಲೇಬೇಡಿ.

ಬೀಡಿಂಗ್ ಪರೀಕ್ಷೆ ಸುಲಭ. ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಬಿಗಿ ಇಲ್ಲ. ಹೀಗೆ ಒಂದೊಂದು ಗೇಣಿಗೆ ಒಮ್ಮೆ, ಸುತ್ತಲೂ ಮಾಡಿ. ನೀರು ಸೋರುತ್ತಿದ್ದರೆ ಪೈಪಿನಲ್ಲಿ ಸಣ್ಣಗೆ ನೀರು ಬಿಡುತ್ತಾ ಕೆಳಗಿನಿಂದ ಮೇಲಕ್ಕೆ ಬನ್ನಿ, ಒಳಗೆ ಒಬ್ಬರು ಟಾರ್ಚ್ ಹಿಡಿದು ಕೂತಿರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲಾ ಕಡೆ ಇಳಿದು ಯಾವ ಸಂದು ಅಂತ ಗೊತ್ತೇ ಆಗುವುದಿಲ್ಲ.

ನಂಬರ್ ಪ್ಲೇಟಿನ ದೀಪ ಹಾಕಿದರೆ ಹಿಂದಿನ ವೈಪರ್ ಮಿಸುಕುತ್ತದೆಯೇ? ದೆವ್ವ ಅಲ್ಲ, ಅರ್ಥ್ ವೈರ್ ತುಂಡಾಗಿದೆ. ಚಾವಣಿಯಿಂದ ಬಾಗಿಲಿಗೆ ಹೋಗುವ ವೈರಿನ ಕಂತೆ ಸಾವಿರಾರು ಸಲ ಮಡಿಚಿ ಬಿಚ್ಚಿ ಅಲ್ಲೇ ಮುರಿಯುತ್ತದೆ. ರಬ್ಬರ್ ಕೊಳವೆ ಸರಿಸಿ ನೋಡಿ. ಹೊಸ ವೈರ್ ಸೇರಿಸುವಾಗ ಗಂಟು ಮಡಿಚುವ ಜಾಗದಲ್ಲಿ ಬಾರದಂತೆ ಉದ್ದಕ್ಕೆ ಎಳೆದುಕೊಳ್ಳಿ.

ಬಾಗಿಲು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಎರಡನ್ನೂ ಒಟ್ಟಿಗೆ ಬದಲಿಸಿ, ಬಿಚ್ಚುವ ಮೊದಲು ಬಾಗಿಲಿಗೆ ಗಟ್ಟಿ ಕೋಲು ಕೊಡಿ. ಹಳೆಯದನ್ನು ತೂತು ಕೊರೆಯುವ ಸಾಹಸ ಬೇಡ, ಒಳಗೆ ಒತ್ತಡದ ಗ್ಯಾಸ್ ಇದೆ.

ಮೇಲೆ ತಳುಕು, ಒಳಗೆ ಹುಳುಕು

ಗಾದೆ ಹಳೆಯ ವ್ಯಾಗನ್ ನೋಡಿಯೇ ಮಾಡಿದಂತಿದೆ. ಹಿಂದಿನ ಕಾರ್ಪೆಟ್ ಪೂರ್ತಿ ಎತ್ತಿ. ಸ್ಟೆಪ್ನಿ ಕೂರುವ ಗುಂಡಿಯಲ್ಲಿ ನೀರು ನಿಂತ ಗುರುತು, ಪಕ್ಕದ ಪ್ಯಾನೆಲ್ ಹಿಂದೆ ಚಕ್ರದ ಕಮಾನಿನ ಮೇಲ್ಭಾಗ, ಬಾಗಿಲಿನ ಕೆಳಅಂಚು, ಹಿಂಗಾಜಿನ ಬೀಡಿಂಗ್ ಕೆಳಗೆ: ತುಕ್ಕು ಮೊದಲು ಕೂರುವುದು ಇಲ್ಲೆಲ್ಲ. ಬಾಗಿಲಿನ ಅಡಿಯ ಸಣ್ಣ ತೂತುಗಳು ನೀರು ಹೊರಹೋಗಲೆಂದೇ ಇರುವವು. ತಂತಿ ಹಾಕಿ ಬಿಡಿಸಿ. ಒಳಗೆ ಮೇಣ ಹೊಡೆಸುವುದಾದರೆ ಪೂರ್ತಿ ಒಣಗಿದ ಮೇಲೆ ಮಾತ್ರ, ಇಲ್ಲದಿದ್ದರೆ ತೇವವನ್ನು ನೀವೇ ಒಳಗೆ ಬಂದಿ ಮಾಡಿದಂತೆ.

ಮರದ ಚೌಕಟ್ಟಿನ ವ್ಯಾಗನ್ ಇದ್ದರೆ ಕತೆಯೇ ಬೇರೆ. ಮಾರಿಸ್ ಮೈನರ್ ಟ್ರಾವೆಲರ್‌ನ ಹಿಂಬದಿಯ ಆ್ಯಶ್ ಮರ ಬರೀ ಅಲಂಕಾರವಲ್ಲ, ಗಾಡಿಯ ಹಿಂಭಾಗವೇ ಅದರ ಮೇಲೆ ನಿಂತಿದೆ. ಕಪ್ಪು ಕಲೆ ಕಂಡಲ್ಲಿ ಸಣ್ಣ ಸ್ಕ್ರೂಡ್ರೈವರ್ ಒತ್ತಿ. ಒಳಗಿಳಿದರೆ ವಾರ್ನಿಶ್ ಬಳಿದು ಪ್ರಯೋಜನವಿಲ್ಲ, ಮರವನ್ನೇ ಬದಲಿಸಬೇಕು.

ಸ್ಪ್ರಿಂಗು, ಬ್ರೇಕು

ಮರ್ಸಿಡಿಸ್ W123ರ ವ್ಯಾಗನ್‌ಗೆ ಹಿಂದೆ ಎಣ್ಣೆ ಮತ್ತು ಗ್ಯಾಸ್ ಒತ್ತಡದಲ್ಲಿ ತಾನೇ ಎತ್ತರ ಸರಿಮಾಡಿಕೊಳ್ಳುವ ಸಸ್ಪೆನ್ಷನ್ ಇತ್ತು. ಇಂಥ ಗಾಡಿಯ ಹಿಂಬದಿ ಕಲ್ಲಿನ ಹಾಗೆ ಬಿಗಿಯಾಗಿದ್ದರೆ ಶಾಕ್ ಅಬ್ಸಾರ್ಬರ್‌ಗೆ ಬೈಯಬೇಡಿ. ಸ್ಪ್ರಿಂಗಿನ ಕೆಲಸಕ್ಕೆ ನೆರವಾಗುವ, ಗ್ಯಾಸ್ ತುಂಬಿದ ಲೋಹದ ಗುಂಡುಗಳು ಈ ವ್ಯವಸ್ಥೆಯಲ್ಲಿರುತ್ತವೆ, ಅವುಗಳ ಒಳಗಿನ ಗ್ಯಾಸ್ ಖಾಲಿಯಾಗಿರುತ್ತದೆ. ಅವನ್ನು ಬದಲಿಸಿ, ಕಂಪನಿ ಹೇಳಿದ ಎಣ್ಣೆಯನ್ನೇ ಹಾಕಿ. ಹಳೆಯ ಸಿಟ್ರೊಯೆನ್‌ಗಳಲ್ಲಂತೂ ಹಸಿರು ಎಣ್ಣೆಯ ಗಾಡಿಗೆ ಕೆಂಪು ಎಣ್ಣೆ ಹಾಕಿದರೆ ರಬ್ಬರ್ ಸೀಲುಗಳೆಲ್ಲ ಹಾಳು.

ಎಷ್ಟೋ ವ್ಯಾಗನ್‌ಗಳಲ್ಲಿ ಹಿಂದಿನ ಆಕ್ಸಲ್ ಬಳಿ ಒಂದು ವಾಲ್ವ್ ಇರುತ್ತದೆ. ಹೊರೆ ನೋಡಿಕೊಂಡು ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಎಂದು ನಿರ್ಧರಿಸುವುದು ಅದೇ. ಅದರ ಕಡ್ಡಿ ತುಕ್ಕು ಹಿಡಿದು ಅಂಟಿಕೊಂಡಿದ್ದರೆ ಖಾಲಿ ಗಾಡಿ ಬ್ರೇಕ್ ಒತ್ತಿದಾಗ ಹಿಂದಿನಿಂದ ಜಾರುತ್ತದೆ, ಇಲ್ಲವೇ ತುಂಬಿದ ಗಾಡಿ ಬೇಗ ನಿಲ್ಲುವುದಿಲ್ಲ. ಗಾಡಿಯ ಎತ್ತರ ಬದಲಿಸಿದವರು ಈ ಕಡ್ಡಿಯನ್ನೂ ಹೊಂದಿಸಿಕೊಳ್ಳಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಇಂಜಿನ್ ಬಗ್ಗೆ ನಿಮ್ಮ ಮೆಕ್ಯಾನಿಕ್ ಬೇಕಾದಷ್ಟು ಹೇಳುತ್ತಾರೆ. ನನ್ನದು ಎರಡೇ ಮಾತು. ಟೈಮಿಂಗ್ ಬೆಲ್ಟ್ ಇದ್ದರೆ ಓಡಿದ ಕಿಲೋಮೀಟರ್ ಜತೆ ಅದರ ವಯಸ್ಸನ್ನೂ ಲೆಕ್ಕ ಹಾಕಿ, ನಿಂತ ಗಾಡಿಯಲ್ಲೂ ರಬ್ಬರ್ ಸಾಯುತ್ತದೆ. ಪೆಟ್ರೋಲ್ ಪೈಪುಗಳನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಸಣ್ಣ ಬಿರುಕು ಕಂಡರೂ ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ.

ಗಾಳಿ ತುಂಬುವಾಗ ಮ್ಯಾನ್ಯುಯಲ್‌ನಲ್ಲಿ ಎರಡು ಅಂಕಿ ಇರುತ್ತವೆ, ಖಾಲಿ ಗಾಡಿಗೊಂದು, ತುಂಬಿದ್ದಕ್ಕೊಂದು. ಎರಡನ್ನೂ ಬರೆದು ಹಿಂಬಾಗಿಲಿನ ಒಳಬದಿಗೆ ಅಂಟಿಸಿ. ಸಾಮಾನು ಹೇರುವಾಗ ಕಣ್ಣಿಗೆ ಬೀಳುವುದು ಅಲ್ಲೇ.