ವೀಡ್ ಕಟ್ಟರ್ ಏರಿಳಿದು ಓಡುತ್ತಿದೆಯಾ? ಸ್ಕ್ರೂ ಮುಟ್ಟಬೇಡಿ

ಮಳೆ ಎರಡು ದಿನ ಬಿಡುವು ಕೊಟ್ಟಿದೆ, ಅಡಿಕೆ ತೋಟದಲ್ಲಿ ಹುಲ್ಲು ಮೊಣಕಾಲು ದಾಟಿದೆ, ಕೊಟ್ಟಿಗೆ ಮೂಲೆಯಲ್ಲಿದ್ದ ವೀಡ್ ಕಟ್ಟರ್ ತಂದು ಹಗ್ಗ ಎಳೆದರೆ ಸ್ಟಾರ್ಟ್ ಏನೋ ಆಗುತ್ತದೆ. ಆದರೆ ಸದ್ದು ಒಮ್ಮೆ ಜೋರು, ಒಮ್ಮೆ ಸಣ್ಣ. ಹುಲ್ಲಿಗೆ ತಾಗಿಸಿದರೆ ಏದುಸಿರು ಬಿಟ್ಟು ನಿಲ್ಲುತ್ತದೆ. ಆಗ ಎಲ್ಲರೂ ಮೊದಲು ಮಾಡುವ ಕೆಲಸ, ನಾನೂ ಮಾಡಿದ್ದೇ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಸ್ಕ್ರೂ ತಿರುಗಿಸುವುದು. ಕಳೆದ ಸಲ ಸರಿಯಾಗಿ ಓಡಿದ ಮಷಿನ್ನಿನ ಸ್ಕ್ರೂ ಮೂಲೆಯಲ್ಲಿ ಕೂತಲ್ಲೇ ತಿರುಗಿರುವುದಿಲ್ಲ, ಅಲ್ವಾ?

ಹೀಗೆ ಏರಿಳಿದರೆ ಹೆಚ್ಚಿನ ಸಲ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಜಾಸ್ತಿಯಾಗಿದೆ ಎಂದೇ ಅರ್ಥ. ಪೆಟ್ರೋಲ್ ಬರುವ ದಾರಿಯನ್ನೇ ಟ್ಯಾಂಕಿನಿಂದ ಹಿಡಿದು ನೋಡುತ್ತಾ ಬನ್ನಿ. ಕೈ ಹಾಕುವ ಮೊದಲು ಎಂಜಿನ್ ತಣ್ಣಗಾಗಲಿ, ಪ್ಲಗ್ಗಿನ ಕ್ಯಾಪ್ ಕಿತ್ತಿಡಿ.

ಮೊದಲು ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ತಿಂಗಳುಗಟ್ಟಲೆ ಇಟ್ಟರೆ ನೀರು ಬೇರೆಯಾಗಿ ತಳಕ್ಕೆ ಇಳಿಯಬಹುದು, ಫಿಲ್ಟರ್ ಇರುವುದೂ ತಳದಲ್ಲೇ. ಹೊಸದು ತಂದು, ಟೂ ಸ್ಟ್ರೋಕ್ ಮಷಿನ್ ಆದರೆ ಆಯಿಲ್ ಅಳೆದೇ ಹಾಕಿ. 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಎಂದಿದ್ದರೆ ಲೀಟರಿಗೆ 20 ಎಂ.ಎಲ್., 25:1 ಎಂದಿದ್ದರೆ 40. ಕಣ್ಣಂದಾಜು ಬೇಡ. ಫೋರ್ ಸ್ಟ್ರೋಕ್ ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಹಾಗೇ ಇಲ್ಲ.

ಪ್ಲಗ್ಗಿನ ಕ್ಯಾಪ್ ಮತ್ತೆ ಹಾಕಿ ಓಡಿಸಿ ನೋಡಿ. ಸರಿಹೋಗಲಿಲ್ಲವಾ? ಟ್ಯಾಂಕಿನ ಮುಚ್ಚಳವನ್ನು ಸುಮ್ನೆ ಅರ್ಧ ಸುತ್ತು ಸಡಿಲಿಸಿ. ಸ್ವಲ್ಪ ಹೊತ್ತಿಗೆ ಸದ್ದು ಸಮ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಅದನ್ನು ಬಿಡಿಸಿ, ಖರ್ಚು ಸೊನ್ನೆ.

ಆಮೇಲೆ ಎಂಜಿನ್ ನಿಲ್ಲಿಸಿ, ತುದಿ ಬಗ್ಗಿಸಿದ ತಂತಿಯಿಂದ ಟ್ಯಾಂಕಿನೊಳಗಿನ ಪುಟ್ಟ ಫಿಲ್ಟರನ್ನು ಎಳೆದು ತೆಗೆಯಿರಿ. ಕಪ್ಪಾಗಿದ್ದರೆ ಬದಲಿಸಿ. ಪೈಪನ್ನೂ ಬಗ್ಗಿಸಿ ನೋಡಿ, ಬಿರುಕು ಬಿಟ್ಟಿದ್ದರೆ ಅದು ಪೆಟ್ರೋಲ್ ಬದಲು ಗಾಳಿ ಎಳೆಯುತ್ತದೆ.

ಪ್ಲಗ್ ಬಿಚ್ಚಿದರೆ ಅರ್ಧ ಕಥೆ ಅದೇ ಹೇಳುತ್ತದೆ. ಬಿಸ್ಕತ್ತಿನ ಬಣ್ಣ ಇದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಕಪ್ಪಾಗಿ ಒದ್ದೆಯಾಗಿದ್ದರೆ ಆಯಿಲ್ ಜಾಸ್ತಿ, ಇಲ್ಲವೇ ಏರ್ ಫಿಲ್ಟರಿನಲ್ಲಿ ಕಸ ಕಟ್ಟಿದೆ. ಸ್ಪಂಜಿನ ಫಿಲ್ಟರ್ ಆದರೆ ಸೋಪು ನೀರಿನಲ್ಲಿ ಹಿಂಡಿ ಒಣಗಿಸಿದರೆ ಸಾಕು. ಪ್ಲಗ್ಗಿನ ಗ್ಯಾಪ್ 0.6ರಿಂದ 0.7 ಮಿ.ಮೀ. ಇರಬೇಕು. ಗೇಜ್ ಇಲ್ಲದಿದ್ದರೆ ಆಕ್ಸಾ ಬ್ಲೇಡಿನ ದಪ್ಪ ಹೆಚ್ಚುಕಮ್ಮಿ ಅಷ್ಟೇ.

ಇನ್ನೂ ಏರಿಳಿತ ಇದ್ದರೆ ಓಡುವಾಗಲೇ ಚೋಕ್ (ಗಾಳಿ ಕಡಿಮೆ ಮಾಡುವ ಲಿವರ್) ಅರ್ಧ ಎಳೆಯಿರಿ. ಸದ್ದು ಸಮ ಆಯಿತೆಂದರೆ, ಒಂದೋ ಕಾರ್ಬುರೇಟರಿನ ಜೆಟ್, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತು, ಕಟ್ಟಿದೆ, ಇಲ್ಲಾ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ. ಕಾರ್ಬುರೇಟರ್ ಹಿಡಿದು ಅಲ್ಲಾಡಿಸಿ. ಈ ಮಷಿನ್ ನಡುಗುವ ನಡುಗಾಟಕ್ಕೆ ಅದನ್ನು ಹಿಡಿದಿಟ್ಟ ಎರಡು ಬೋಲ್ಟ್ ಸಡಿಲವಾಗುವುದು ಮಾಮೂಲು. ನನ್ನದರಲ್ಲಿ ಆಗಿದ್ದೂ ಅದೇ, ಅಷ್ಟರಲ್ಲಿ ನಾನು ಎಲ್ಲ ಸ್ಕ್ರೂ ತಿರುಗಿಸಿ ಹಾಳು ಮಾಡಿಯಾಗಿತ್ತು!

ಬೋಲ್ಟ್ ಬಿಗಿ ಇದ್ದರೆ ಕಾರ್ಬುರೇಟರ್ ಬಿಚ್ಚಿ ಕ್ಲೀನರ್ ಸ್ಪ್ರೇ ಹೊಡೆಯಿರಿ. ಜೆಟ್ಟಿಗೆ ಪಿನ್ ಚುಚ್ಚಬೇಡಿ, ತೂತು ದೊಡ್ಡದಾದರೆ ಮತ್ತೆ ಸರಿಯಾಗದು. ಒಳಗಿನ ರಬ್ಬರ್ ಡಯಾಫ್ರಾಮ್ ಮೆತ್ತಗಿರಬೇಕು. ಹಪ್ಪಳದಂತೆ ಸೆಟೆದಿದ್ದರೆ ಕಿಟ್ ತಂದು ಬದಲಿಸಿ.

ಇಷ್ಟಾದ ಮೇಲೂ ಸರಿಹೋಗದಿದ್ದರೆ ಮಾತ್ರ ಸ್ಕ್ರೂ. ಅದು ಈಗಿರುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಒಂದು ಸಲಕ್ಕೆ ಒಂದು ಸುತ್ತಿನ ಎಂಟನೇ ಒಂದು ಭಾಗ ಸಾಕು. ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿಟ್ಟು ಟೂ ಸ್ಟ್ರೋಕ್ ಓಡಿಸಬೇಡಿ, ಪಿಸ್ಟನ್ನಿಗೆ ಆಯಿಲ್ ಬರುವುದೂ ಅದೇ ಪೆಟ್ರೋಲಿನಲ್ಲಿ, ಅದಿಲ್ಲದೆ ಪಿಸ್ಟನ್ ಬಿಸಿಯಾಗಿ ಸಿಕ್ಕಿಕೊಂಡು ಸೀಜ್ ಆಗುತ್ತದೆ. ಕೊನೆಗೆ ಆಕ್ಸಲರೇಟರ್ ಬಿಟ್ಟಾಗ ಬ್ಲೇಡ್ ತಿರುಗದೆ ನಿಲ್ಲುತ್ತಿದೆಯಾ ನೋಡಿಕೊಂಡೇ ಬೆಲ್ಟ್ ಹೆಗಲಿಗೆ ಹಾಕಿ.