ಊಟದ ಬೆನ್ನಿಗೇ ಕಾಫಿ ಬೇಡ: ಮಂಕು ಕಳೆಯಲು ನಾನು ಪಾಲಿಸುವ ಕ್ರಮ

ಓದಿದ ಸಾಲನ್ನೇ ಮತ್ತೆ ಓದುವುದು, ಹನ್ನೊಂದು ಗಂಟೆಗೇ ಗಮನ ಚದುರುವುದು ವಾರಗಟ್ಟಲೆ ನಡೆದರೆ, ಬಾದಾಮಿ, ಬ್ರಾಹ್ಮಿ ಹುಡುಕುವ ಮೊದಲು ನಾನು ನೋಡುವುದು ಫೆರಿಟಿನ್, ಅಂದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ. ಗಮನಕ್ಕೆ ಬೇಕಾದ ಮಿದುಳಿನ ರಾಸಾಯನಿಕ ಡೋಪಮೈನ್ ಅನ್ನು ತಯಾರಿಸುವ ಕಿಣ್ವ ಕಬ್ಬಿಣವಿಲ್ಲದೆ ಕೆಲಸ ಮಾಡದು. ಹಿಮೋಗ್ಲೋಬಿನ್ ಇಳಿಯುವುದು ಕೊನೆಗೆ, ದಾಸ್ತಾನು ಖಾಲಿಯಾಗುವುದು ಅದಕ್ಕೂ ಮೊದಲು. ಹಾಗಾಗಿ ಹೆಣ್ಣುಮಕ್ಕಳ ವರದಿಯಲ್ಲಿ ಹಿಮೋಗ್ಲೋಬಿನ್ 12 ಕಂಡ ಕೂಡಲೇ ನಿಶ್ಚಿಂತರಾಗುವಂತಿಲ್ಲ. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಬರಿದಾಗಿದೆ ಎಂದರ್ಥ. ಜ್ವರ, ಸೋಂಕು ಇರುವಾಗ ಈ ಪರೀಕ್ಷೆ ಮಾಡಿಸಬಾರದು, ಅಂಕಿ ಸುಳ್ಳೇ ಏರಿರುತ್ತದೆ.

ಸಸ್ಯಾಹಾರಿ ತಟ್ಟೆಯಲ್ಲಿ ಕಬ್ಬಿಣವೇ ಇಲ್ಲ ಎಂದಲ್ಲ, ಇದ್ದದ್ದು ಪೂರ್ತಿ ಮೈಗೆ ಹತ್ತುವುದಿಲ್ಲ. 100 ಗ್ರಾಂ ರಾಗಿಯಲ್ಲಿ 4ರಿಂದ 5 ಮಿಲಿಗ್ರಾಂ ಕಬ್ಬಿಣವಿದೆ, ಅದನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್, ಟ್ಯಾನಿನ್ ಕೂಡ ಅದರಲ್ಲೇ ಇವೆ. ಮುದ್ದೆ ಉಂಡು ಕೈ ತೊಳೆದು ಕಾಫಿ ಕುಡಿದರೆ ಉಳಿದದ್ದಕ್ಕೂ ಕಲ್ಲು. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಕುಡಿದ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇ. 39ರಷ್ಟು, ಚಹಾ ಶೇ. 64ರಷ್ಟು ಇಳಿಸಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಮಾಡಲಿಲ್ಲ, ಒಂದು ಗಂಟೆ ನಂತರ ಕುಡಿದದ್ದು ಮಾತ್ರ ಜೊತೆಯಲ್ಲಿ ಕುಡಿದಷ್ಟೇ ತಡೆಯಿತು. (ಅಲ್ಲಿ ಬಡಿಸಿದ್ದು ಹ್ಯಾಂಬರ್ಗರ್. ಮಾಂಸದಲ್ಲಿರುವ ಹೀಮ್ ಕಬ್ಬಿಣಕ್ಕೆ ಈ ತೊಂದರೆ ಕಡಿಮೆ, ಸೊಪ್ಪು-ಕಾಳಿನದೇ ಪೆಟ್ಟು ತಿನ್ನುವ ಜಾತಿ.) ತಡೆಯುವುದು ಕೆಫೀನ್ ಅಲ್ಲ, ಪಾಲಿಫಿನಾಲ್ (ಟ್ಯಾನಿನ್‌ನಂಥ ಒಗರು ಅಂಶ). ಕೆಫೀನ್ ತೆಗೆದ ಕಾಫಿಗೆ ಬದಲಾದರೆ ಲಾಭವಿಲ್ಲ.

ಆದ್ದರಿಂದ ನನ್ನ ಕಾಫಿ ಆರೂವರೆಗೆ, ತಿಂಡಿ ಎಂಟಕ್ಕೆ. ತಿಂಡಿಗೆ ವಾರದಲ್ಲಿ ಮೂರು ದಿನ ಮೊಳಕೆ ಹುರುಳಿ ಉಸಲಿ. ಒಬ್ಬರಿಗೆ 50 ಗ್ರಾಂ ಒಣ ಹುರುಳಿ ಸಾಕು. ಹನ್ನೆರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡುತ್ತೇನೆ. ಚಳಿಗಾಲದಲ್ಲಿ ಇನ್ನರ್ಧ ದಿನ ಬೇಕು. ಮೊಳಕೆ ಬರುವಾಗ ಫೈಟೇಟ್ ಒಡೆಯುತ್ತದೆ, ಅದಕ್ಕೇ ಈ ಕಷ್ಟ. ಲೋಳೆಯಾಗಿ ವಾಸನೆ ಬಂದರೆ ನೀರು ಪೂರ್ತಿ ಬಸಿದಿಲ್ಲ ಎಂದೇ, ಹಾಗೆ ಕೆಟ್ಟದ್ದನ್ನು ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ನಿಂಬೆರಸ ಒಲೆ ಆರಿಸಿದ ಮೇಲೆ, ಬಿಸಿ ಸ್ವಲ್ಪ ಇಳಿದಾಗ. ಒಗ್ಗರಣೆಗೇ ಹಿಂಡಿದರೆ ಹುಳಿ ಉಳಿಯುತ್ತದೆ, ಕಬ್ಬಿಣದ ಹೀರಿಕೆಗೆ ನೆರವಾಗುವ ವಿಟಮಿನ್ ಸಿ ಅಷ್ಟು ಉಳಿಯುವುದಿಲ್ಲ. ನಿಂಬೆಗಿಂತ ಅರ್ಧ ಸೀಬೆಹಣ್ಣು ಇನ್ನೂ ಗಟ್ಟಿ ಉಪಾಯ.

ಮಧ್ಯಾಹ್ನ ಒಂದಕ್ಕೆ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ಹಸಿ ಕೋಸಂಬರಿ. ಮೊಸರನ್ನು ರಾತ್ರಿಗೆ ಇಟ್ಟುಕೊಳ್ಳುತ್ತೇನೆ. ಕ್ಯಾಲ್ಸಿಯಂ ಕೂಡ ಸ್ವಲ್ಪ ತಡೆಯುತ್ತದೆ, ಆದರೆ ಚಹಾದಷ್ಟಲ್ಲ. ಮೊಸರಿಲ್ಲದೆ ಊಟವೇ ಮುಗಿಯದು ಎನ್ನುವವರು ಇದಕ್ಕಾಗಿ ಜಗಳಕ್ಕೆ ನಿಲ್ಲಬೇಕಿಲ್ಲ. ಎರಡನೇ ಕಾಫಿ ನಾಲ್ಕಕ್ಕೆ, ಅರ್ಧ ಲೋಟ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ತಾಸು ಬೇಕು. ಆರಕ್ಕೆ ಕುಡಿದರೆ ನಿದ್ದೆ ಕೆಡುತ್ತದೆ, ಮರುದಿನದ ಮಂಕಿಗೆ ಊಟವನ್ನು ದೂರುತ್ತೇವೆ.

ವಿಟಮಿನ್ ಬಿ12ರ ಕೊರತೆಯೂ ಮಂಕು ತರಬಹುದು, ಅದು ಬೇರೆಯೇ ಲೆಕ್ಕ. ವಯಸ್ಕರಿಗೆ ದಿನಕ್ಕೆ 2.2 ಮೈಕ್ರೊಗ್ರಾಂ ಬೇಕು. ಸೊಪ್ಪು, ಕಾಳುಗಳಿಂದ ಅದು ಸಿಗದು. ಅರ್ಧ ಲೀಟರ್ ಹಾಲು ಅಥವಾ ಅಷ್ಟೇ ಗಟ್ಟಿ ಮೊಸರಿನಿಂದ ಹೆಚ್ಚುಕಡಿಮೆ ಅಷ್ಟು ಬರುತ್ತದೆ, ನೀರು ಮಜ್ಜಿಗೆಯಿಂದಲ್ಲ. ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಮಾತ್ರೆ) ಅಥವಾ ಆಮ್ಲ ಇಳಿಸುವ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವವರಿಗೆ ಹಾಲೂ ಸಾಲದೇ ಹೋಗಬಹುದು. ವರದಿಯಲ್ಲಿ ಒಂದು ಮೋಸವಿದೆ: ಕಬ್ಬಿಣದ ಕೊರತೆ ರಕ್ತಕಣವನ್ನು ಕಿರಿದು ಮಾಡುತ್ತದೆ, ಬಿ12 ಕೊರತೆ ಹಿರಿದು ಮಾಡುತ್ತದೆ. ಎರಡೂ ಸೇರಿದರೆ ಎಂಸಿವಿ (ರಕ್ತಕಣದ ಸರಾಸರಿ ಗಾತ್ರ) ನಡುವಿಗೆ ಬಂದು, ಎಲ್ಲ ಸರಿಯಿರುವಂತೆ ಕಾಣುತ್ತದೆ. ಅದಕ್ಕೇ ಎರಡನ್ನೂ ಒಟ್ಟಿಗೆ ಪರೀಕ್ಷಿಸಿ. ಬಿ12 ನೋಡದೆ ಫೋಲಿಕ್ ಆಮ್ಲ ಮಾತ್ರ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಂಡು, ನರಗಳಿಗೆ ಆಗುವ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಫೆರಿಟಿನ್ ತೀರಾ ತಳ ಕಂಡಿದ್ದರೆ ಉಸಲಿಯಿಂದ ತುಂಬುವುದಿಲ್ಲ, ವೈದ್ಯರು ಬರೆದ ಮಾತ್ರೆಯೇ ಬೇಕು. ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಅವರನ್ನು ಕೇಳಿ. ಒಂದು ಮಾತ್ರೆ ನುಂಗಿದಾಗ ಕಬ್ಬಿಣದ ಹೀರಿಕೆಗೆ ಕಡಿವಾಣ ಹಾಕುವ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರಿ, ಮರುದಿನದ ಮಾತ್ರೆಯ ಹೀರಿಕೆ ಕುಗ್ಗುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ, ಮಾತ್ರೆಯ ಗುಣ ಅದು. ನಾನು ಮರುಪರೀಕ್ಷೆ ಮಾಡಿಸುವುದು ಮೂರು ತಿಂಗಳಿಗೆ, ಅದಕ್ಕೂ ಮೊದಲಲ್ಲ.